ಎಲ್ಲ ಉತ್ತರವೂ ಇನ್ನೂರ ನಾಲ್ಕು

ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ಕ್ಲಾಸು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಬ್ರೋಕರುಗಳ ಲೆಕ್ಕದಲ್ಲಿ ಐದು ನಿಮಿಷ, ಮನುಷ್ಯರ ಲೆಕ್ಕದಲ್ಲಿ ಹದಿನೈದು ನಿಮಿಷ ದೂರದಲ್ಲಿತ್ತು. ಕೆಳಗೆ ಮಿಠಾಯಿ ಅಂಗಡಿ, ಮೇಲೆ ನಾವು. ಕೆಳಗಡೆ ಜಿಲೇಬಿ ಬಾಣಲೆಗೆ ಬಿದ್ದರೆ ಮೇಲೆ ಹನ್ನೆರಡು ವಿದ್ಯಾರ್ಥಿಗಳ ಗಮನ ಒಟ್ಟಿಗೇ ಕಿಟಕಿಯತ್ತ ಹೋಗುತ್ತಿತ್ತು. ನಾನು ಕಲಿಸುತ್ತಿದ್ದದ್ದು ಡೇಟಾಬೇಸ್. ಹೆದರುವಂಥದ್ದೇನಲ್ಲ. ಉದ್ದುದ್ದ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಟ್ಟು, ಅದರದೇ ಭಾಷೆಯಲ್ಲಿ ಪ್ರಶ್ನೆ ಹಾಕಿ ಉತ್ತರ ತೆಗೆಯುವ ವಿದ್ಯೆ, ಅಷ್ಟೆ. ಆ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. ಪ್ರಶ್ನೆ ಸರಿಯಾಗಿ ಕೇಳಿದರೆ ಉತ್ತರ ಸರಿ ಬರುತ್ತದೆ, ಅಡ್ಡಾದಿಡ್ಡಿ ಕೇಳಿದರೆ ಉತ್ತರವೂ ಅಡ್ಡಾದಿಡ್ಡಿ. ನಮ್ಮ ಮನೆಯ ಹಿರಿಯರೂ ಹಾಗೇ ಇದ್ದುದರಿಂದ ನನಗೆ ಈ ವಿದ್ಯೆ ಬೇಗ ಹಿಡಿಯಿತು.

ನಾನೇ ಕಲಿಯುವಾಗ, ಠಾಣೆಯ ಒಂದು ಕ್ಲಾಸಿನಲ್ಲಿ, ಜೆರಾಕ್ಸ್ ಮಾಡಿ ಮಾಡಿ ಅರ್ಧ ಅಕ್ಷರ ಹಾರಿಹೋಗಿದ್ದ ಅಭ್ಯಾಸದ ಹಾಳೆಗಳನ್ನು ಕೊಟ್ಟಿದ್ದರು. ಅದರಲ್ಲಿ ಒಂದು ಲೈಬ್ರರಿಯ ಪಟ್ಟಿ ಇತ್ತು: ಯಾರು ಯಾವ ಪುಸ್ತಕ ಒಯ್ದರು, ಯಾವಾಗ ಮರಳಿಸಿದರು. ಹದಿನೆಂಟನೆಯ ಪ್ರಶ್ನೆ ಹೀಗಿತ್ತು: ಎಲ್ಲ ಸದಸ್ಯರೂ ಒಯ್ದಿರುವ, ಆದರೆ ಒಬ್ಬರೂ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳದ ಪುಸ್ತಕ ಯಾವುದು? ಎರಡು ತಾಸು ತಲೆ ಕೆಡಿಸಿಕೊಂಡು ಕ್ವೆರಿ ಬರೆದೆ. ಪರದೆಯ ಮೇಲೆ ಒಂದೇ ಒಂದು ಸಾಲು ಬಂತು: ‘ಏಳು ದಿನಗಳಲ್ಲಿ ಡೇಟಾಬೇಸ್ ಕಲಿಯಿರಿ’. ನನಗೆ ತಡೆಯಲಾಗದ ನಗು ಬಂತು. ಅಕ್ಕಪಕ್ಕದವರು ನನ್ನನ್ನು ಹೇಗೆ ನೋಡಿದರೆಂದು ಹೇಳಬೇಕಾಗಿಲ್ಲ. ಆ ಒಣ ಹಾಳೆಗಳ ಹಿಂದೆ ಒಬ್ಬ ಮನುಷ್ಯ ಕೂತಿದ್ದ, ಅವನಿಗೂ ಬೇಜಾರಾಗಿತ್ತು, ಕಷ್ಟಪಟ್ಟು ಕೊನೆ ಮುಟ್ಟಿದವರಿಗೆ ಮಾತ್ರ ಸಿಗಲಿ ಎಂದು ಒಂದು ತಮಾಷೆ ಬಚ್ಚಿಟ್ಟು ಹೋಗಿದ್ದ. ಅವನು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಪ್ರಶ್ನೆಗಳನ್ನೆಲ್ಲ ನಾನು ಬಿಡಿಸಿದ್ದು ಅವನು ಇನ್ನೆಲ್ಲಿ ಏನು ಬಚ್ಚಿಟ್ಟಿದ್ದಾನೆ ಎಂದು ನೋಡುವುದಕ್ಕೇ.

ಹಾಗಾಗಿ ನಾನು ಟೀಚರಾದಾಗ, ನಲವತ್ತು ಪ್ರಶ್ನೆಗಳ ಒಂದು ಪುಸ್ತಿಕೆ ಬರೆದುಕೊಡು ಎಂದು ಕ್ಲಾಸಿನ ಯಜಮಾನರು ಹೇಳಿದ್ದೇ ತಡ, ಇರಲಾರದೆ ಇರುವೆ ಬಿಟ್ಟುಕೊಂಡೆ.

ಪಟ್ಟಿಗೆ ಸಾಮಗ್ರಿ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನಾವಿದ್ದ ಹೌಸಿಂಗ್ ಸೊಸೈಟಿಯೇ ಸಾಕಿತ್ತು. ನಾಲ್ಕು ಮಹಡಿ, ಮಹಡಿಗೆ ಎಂಟರಂತೆ ಮೂವತ್ತೆರಡು ಫ್ಲ್ಯಾಟು. ನಾನು ಎರಡು ಪಟ್ಟಿ ಮಾಡಿದೆ. ಒಂದರಲ್ಲಿ ಫ್ಲ್ಯಾಟುಗಳು, ಇನ್ನೊಂದರಲ್ಲಿ ದೂರುಗಳು: ದೂರು ಕೊಟ್ಟವರು ಯಾರು, ಯಾರ ಮೇಲೆ, ಯಾವ ವಿಷಯಕ್ಕೆ. ಯಾರ ಹೆಸರನ್ನೂ ಹಾಕಲಿಲ್ಲ, ಬರೀ ಫ್ಲ್ಯಾಟ್ ನಂಬರು. ಆ ಮಟ್ಟಿಗೆ ನಾನು ಸಭ್ಯಸ್ಥೆ.

ತಮಾಷೆ ಏನೆಂದರೆ, ನಲವತ್ತು ಪ್ರಶ್ನೆಗಳಲ್ಲಿ ಯಾವುದನ್ನೇ ಸರಿಯಾಗಿ ಬಿಡಿಸಿದರೂ ಉತ್ತರದಲ್ಲಿ ಇನ್ನೂರ ನಾಲ್ಕನೆಯ ನಂಬರಿನ ಫ್ಲ್ಯಾಟು ಬಂದೇ ಬರುತ್ತಿತ್ತು. ಮೆಟ್ಟಿಲ ಮೇಲೆ ಸಾಮಾನು ಇಡಬಾರದೆಂದು ನೋಟೀಸು ಅಂಟಿಸಿ, ಅದೇ ಮೆಟ್ಟಿಲ ಮೇಲೆ ಒಂಬತ್ತು ಹೂಕುಂಡ ಇಟ್ಟವರು ಯಾರು? ಮೇಲಿನ ಮನೆಯವರ ಒಗೆದ ಬಟ್ಟೆಯ ನೀರು ತಮ್ಮ ಬಾಲ್ಕನಿಗೆ ಬೀಳುತ್ತದೆಂದು ದೂರು ಕೊಟ್ಟವರಲ್ಲಿ, ಕೆಳಗಿನ ಮನೆಯವರಿಂದ ಅದೇ ದೂರು ಪಡೆದವರು ಯಾರು? ಅತಿ ಹೆಚ್ಚು ದೂರು ಬರೆದವರು ಯಾರು? ಎಲ್ಲಕ್ಕಿಂತ ಕಷ್ಟದ್ದು ಇಪ್ಪತ್ತಮೂರನೆಯದು: ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡವರು ಯಾರು? ಇದು ನಾನು ಹುಟ್ಟಿಸಿದ್ದಲ್ಲ. ಇನ್ನೂರ ನಾಲ್ಕರವರು ನಮ್ಮ ಸೊಸೈಟಿಯ ಸೆಕ್ರೆಟರಿ. ನೀರಿನ ಮೋಟಾರು ಹೊತ್ತಿಗೆ ಸರಿಯಾಗಿ ಹಾಕುತ್ತಿಲ್ಲ ಎಂದು ಒಮ್ಮೆ ಅವರು ಸದಸ್ಯನಾಗಿ ಸೆಕ್ರೆಟರಿಗೆ ಪತ್ರ ಬರೆದರು, ಸೆಕ್ರೆಟರಿಯಾಗಿ ಅದನ್ನು ‘ತಲುಪಿದೆ’ ಎಂದು ಸಹಿ ಹಾಕಿ ಪಡೆದರು, ಹದಿನೈದು ದಿನಗಳೊಳಗೆ ತಮಗೆ ತಾವೇ ಉತ್ತರವನ್ನೂ ಕೊಟ್ಟುಕೊಂಡರು. ಉತ್ತರ ತೃಪ್ತಿಕರವಾಗಿಲ್ಲ ಎಂದು ಮತ್ತೊಂದು ಪತ್ರವೂ ಹೋಯಿತು.

ಈ ತಮಾಷೆ ಪಾಠಕ್ಕೂ ಉಪಯೋಗವಾಯಿತು. ಉತ್ತರದಲ್ಲಿ 204 ಬಂದರೆ ಕ್ವೆರಿ ಸರಿ, ಬರದಿದ್ದರೆ ತಪ್ಪು. ಎರಡನೆಯ ಬ್ಯಾಚಿನ ಹೊತ್ತಿಗೆ ಹುಡುಗ ಹುಡುಗಿಯರು ಇದನ್ನು ಕಂಡುಹಿಡಿದಿದ್ದರು. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕರೂ ಅವರು ಒಬ್ಬರನ್ನೊಬ್ಬರು ಕ್ಷೇಮ ಕೇಳುವುದು ‘204 ಬಂತಾ’ ಎಂದೇ. ಪುಸ್ತಿಕೆಗೆ ಎಷ್ಟು ಹೆಸರು ಬಂತೆಂದರೆ ಬೇಲಾಪುರದ ಸರಕಾರಿ ಕಚೇರಿಗಳ ಗುಮಾಸ್ತರು ಕೂಡ ಇಲಾಖೆಯ ಪರೀಕ್ಷೆಗೆಂದು ನಮ್ಮಲ್ಲಿಗೆ ಬರತೊಡಗಿದರು. ನನ್ನ ಕೊಂಬು ಸ್ವಲ್ಪ ಬೆಳೆಯಿತೆಂದು ಒಪ್ಪಿಕೊಳ್ಳುತ್ತೇನೆ.

ಈಗ ನಮ್ಮ ಮನೆಯ ವಿಷಯ. ನಾವು ಉಡುಪಿ ಕಡೆಯವರು. ಅಪ್ಪ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಬೇಕು. ನಾವಿದ್ದದ್ದು 303ರಲ್ಲಿ, ಬಾಡಿಗೆಗೆ. ಇಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗಬೇಕು, ಅದಕ್ಕೆ ಸೊಸೈಟಿಯಿಂದ ‘ಇವರು ಇರುವುದಕ್ಕೆ ನಮ್ಮ ಆಕ್ಷೇಪವಿಲ್ಲ’ ಎನ್ನುವ ಎನ್‌ಒಸಿ ಪತ್ರ ಬೇಕು, ಅದಕ್ಕೆ ಸಹಿ ಹಾಕುವವರು ಸೆಕ್ರೆಟರಿ. ಎಂದರೆ ಇನ್ನೂರ ನಾಲ್ಕು. ಆರು ವರ್ಷಗಳಲ್ಲಿ ನಾಲ್ಕು ಮನೆ ಬದಲಾಯಿಸಿದ್ದ ಅಮ್ಮ, ಇನ್ನು ತನ್ನಿಂದ ಪಾತ್ರೆ ಕಟ್ಟಲಾಗುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಈ ಮನೆ ಬಿಟ್ಟರೆ ನಮ್ಮ ಕೈಗೆಟುಕುವುದು ದಿವಾದಲ್ಲಿ ಮಾತ್ರ. ದಿವಾದಲ್ಲಿ ಲೋಕಲ್ಲು ನಿಲ್ಲುತ್ತದೆ, ಒಳಗಿದ್ದವರು ಹತ್ತಲು ಬಿಡುವುದಿಲ್ಲ. ಅಲ್ಲಿಂದ ಬಂದು ಐದಕ್ಕೆ ಶಟರ್ ಎತ್ತುವುದು ಅಪ್ಪನಿಂದ ಆಗುವ ಮಾತಲ್ಲ. ಆದ್ದರಿಂದ ಅಮ್ಮ ಆ ಕಟ್ಟಡದಲ್ಲಿ ಬೆಕ್ಕಿನ ಹೆಜ್ಜೆಯಲ್ಲಿ ಬದುಕುತ್ತಿದ್ದಳು. ಗ್ರೈಂಡರಿನ ಕೆಳಗೆ ಗೋಣಿ ಹಾಸಿ ರುಬ್ಬುತ್ತಿದ್ದಳು.

ಹೀಗಿರುವಾಗ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನಾಲ್ಕನೆಯ ಮಹಡಿಯ ಒಬ್ಬ ತರುಣ ಸದಸ್ಯ ಎದ್ದು ನಿಂತು, ದೂರಿನ ರಿಜಿಸ್ಟರು ಇನ್ನೂ ಕೆಂಪು ರಟ್ಟಿನ ಪುಸ್ತಕದಲ್ಲೇ ಏಕಿದೆ, ಸೆಕ್ರೆಟರಿಗೆ ಕಂಪ್ಯೂಟರ್ ಬರುವುದಿಲ್ಲವೇ ಎಂದು ಕೇಳಿದ. ಸೆಕ್ರೆಟರಿ ರೈಲ್ವೆಯಿಂದ ನಿವೃತ್ತರಾದವರು, ಹುಬ್ಬಳ್ಳಿ ಕಡೆಯವರು, ಮಾತಿಗೆ ಮಾತು ಬಿಡುವವರಲ್ಲ. ಮೂರು ತಿಂಗಳಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ತೋರಿಸುತ್ತೇನೆಂದು ಸಭೆಯಲ್ಲೇ ಸಾರಿದರು. ಮುಂದಿನ ಸೋಮವಾರ ಬೆಳಿಗ್ಗೆ ನಾನು ಹಾಜರಿ ತೆಗೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಸೆಕ್ರೆಟರಿಯ ಬಿಳಿ ಸಫಾರಿ ಕಾಣಿಸಿತು. ಕೈಯಲ್ಲಿ ಹೊಸ ನೋಟುಬುಕ್ಕು, ಜೇಬಿನಲ್ಲಿ ಎರಡು ಪೆನ್ನು. ನಮ್ಮ ಬಿಲ್ಡಿಂಗಿನ ಹುಡುಗಿಯೇ ಕಲಿಸುತ್ತಾಳೆಂದ ಮೇಲೆ ಬೇರೆ ಕ್ಲಾಸಿಗೆ ಏಕೆ ಹೋಗಬೇಕು ಎಂದು ಅವರು ಯಜಮಾನರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು.

ಹೊಸ ಪುಸ್ತಿಕೆ ಬರೆದುಕೊಡುತ್ತೇನೆಂದು ಯಜಮಾನರಿಗೆ ಅಂಗಲಾಚಿದೆ. ಬೇಲಾಪುರದವರು ಇದನ್ನೇ ಕೇಳಿ ಬರುತ್ತಿರುವಾಗ ಹುಚ್ಚು ಹಿಡಿದಿದೆಯೇ ಎಂದರು ಅವರು. ಉಳಿದದ್ದು ಒಂದೇ ದಾರಿ. ಪ್ರತಿ ಕಂಪ್ಯೂಟರಿನಲ್ಲೂ ಪಟ್ಟಿಯ ಬೇರೆ ಬೇರೆ ಪ್ರತಿ ಇತ್ತು. ಅವರು ಕೂರುವ ಕಂಪ್ಯೂಟರಿನ ಪಟ್ಟಿಯಲ್ಲಿ 204 ಇದ್ದಲ್ಲೆಲ್ಲ 907 ಎಂದು ಬದಲಾಯಿಸಿಬಿಟ್ಟೆ. ನಮ್ಮ ಕಟ್ಟಡಕ್ಕೆ ಒಂಬತ್ತನೆಯ ಮಹಡಿಯೇ ಇಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ನೀರು ಕುಡಿದೆ.

ಮೊದಲ ವಾರ ಸ್ವರ್ಗ. ಅವರು ಹೂಕುಂಡದ ಪ್ರಶ್ನೆ ಓದಿ ಹೊಟ್ಟೆ ತುಂಬ ನಕ್ಕರು. ಇಂಥವರು ಎಲ್ಲ ಸೊಸೈಟಿಯಲ್ಲೂ ಒಬ್ಬರು ಇರುತ್ತಾರೆಂದು ಪಕ್ಕದವರಿಗೆ ತಿಳಿಸಿ ಹೇಳಿದರು. ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡವನ ಪ್ರಶ್ನೆ ಬಂದಾಗ ಮಾತ್ರ ನಗಲಿಲ್ಲ. ಅದು ಕಾನೂನಿನ ಪ್ರಕಾರ ಸರಿಯಾದ ಕ್ರಮ, ಇದರಲ್ಲಿ ತಮಾಷೆ ಏನಿದೆ ಎಂದು ನನ್ನನ್ನು ಕೇಳಿದರು. ಏನೂ ಇಲ್ಲ ಕಾಕಾ ಎಂದೆ. ಆ 907 ಯಾರೇ ಇರಲಿ, ಅಂಥವನನ್ನು ಸೊಸೈಟಿಯಿಂದ ಹೊರಗೆ ಹಾಕಬೇಕು ಎಂದು ಒಂದು ಸಲ ಮೇಜು ಕುಟ್ಟಿದರು. ನಾನು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅದೇ ಖುಷಿಯಲ್ಲಿ ಅವರು ಆ ಭಾನುವಾರ ನನ್ನನ್ನು ಸೊಸೈಟಿಯ ಆಫೀಸಿಗೆ ಕರೆದರು. ಆಫೀಸೆಂದರೆ ನೀರಿನ ಪಂಪಿನ ಪಕ್ಕದ ಕೋಣೆ. ಅಲ್ಲಿದ್ದ ಕಂಪ್ಯೂಟರಿನಲ್ಲಿ ನಾನು ಸದಸ್ಯರ ಪಟ್ಟಿ, ದೂರಿನ ಪಟ್ಟಿ ಎರಡನ್ನೂ ಮಾಡಿಕೊಟ್ಟೆ. ಸದಸ್ಯರ ಪಟ್ಟಿಯಲ್ಲಿ ‘ಷರಾ’ ಎಂದು ಒಂದು ಕಾಲಂ. ಯಾವ ಫ್ಲ್ಯಾಟಿನ ಮುಂದೆ ಷರಾ ಬರೆದಿದೆಯೋ ಅವರಿಗೆ ಆ ಷರಾದ ಪತ್ರ ತಾನಾಗಿ ಪ್ರಿಂಟಾಗುವ ವ್ಯವಸ್ಥೆ. ಐದು ವರ್ಷದ ಕೆಂಪು ರಿಜಿಸ್ಟರನ್ನು ಅವರು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ತುಂಬಿದರು.

ಎರಡನೆಯ ವಾರದಿಂದ ಕೆಟ್ಟಿತು. ಅವರ ಪಕ್ಕದ ಕಂಪ್ಯೂಟರಿನ ಮುಂದೆ ಬೇಲಾಪುರದ ಒಬ್ಬ ಗುಮಾಸ್ತೆ ಬಾಯಿ ಕೂರುತ್ತಿದ್ದರು. ಅವರು ಇವರ ಪರದೆಗೆ ಇಣುಕಿ, ‘ಕಾಕಾ, ದೋನಶೇ ಚಾರ್ ಯಾಯಲಾ ಪಾಹಿಜೆ’ ಎಂದರು. ಇನ್ನೂರ ನಾಲ್ಕು ಬರಬೇಕಿತ್ತಲ್ಲ, ನಿಮಗೆ ತಪ್ಪು ಬಂದಿದೆ ಎಂದು. ಸೆಕ್ರೆಟರಿ ಮತ್ತೆ ಬಿಡಿಸಿದರು, 907 ಬಂತು. ಮತ್ತೆ ಬಿಡಿಸಿದರು, 907. ನಾನು ಹೋಗಿ ನೋಡಿ ಸರಿಯಾಗಿದೆ ಕಾಕಾ ಎಂದೆ. ಅವರು ನಂಬಲಿಲ್ಲ. ವಯಸ್ಸಾದವನ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳುತ್ತೀ ಎಂದರು. ಮರುದಿನದಿಂದ ಕ್ಲಾಸಿನ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತು ನೋಟುಬುಕ್ಕಿನಲ್ಲಿ ಕ್ವೆರಿ ಬರೆಯುತ್ತಿದ್ದರು. ಎಲ್ಲರಿಗೂ 204, ಅವರೊಬ್ಬರಿಗೆ 907. ತಪ್ಪಿನ ಚಿಂತೆಯಲ್ಲಿ, 204 ತಮ್ಮದೇ ಮನೆಯ ನಂಬರೆಂದು ಅವರಿಗೆ ಹೊಳೆಯಲೇ ಇಲ್ಲ. ಹೀಗೆ ಒಂಬತ್ತು ದಿನ. ರೈಲ್ವೆಯಲ್ಲಿ ಮೂವತ್ತು ವರ್ಷ ಒಂದು ತಪ್ಪೂ ಇಲ್ಲದೆ ಟೈಮ್‌ಟೇಬಲ್ ಬರೆದ ಮನುಷ್ಯ, ಜಿಲೇಬಿ ವಾಸನೆಗೂ ತಲೆ ಎತ್ತದೆ ಕೂತು ತಮ್ಮ ಸರಿ ಉತ್ತರವನ್ನು ತಾವೇ ಹೊಡೆದುಹಾಕುತ್ತಿದ್ದರು. ಹೇಳಿಬಿಡಬೇಕೆಂದು ದಿನಾ ಹೊರಡುತ್ತಿದ್ದೆ. ನಮ್ಮ ಕರಾರು ಆ ತಿಂಗಳಿಗೆ ಮುಗಿಯುವುದಿತ್ತು. ಎನ್‌ಒಸಿ ಅರ್ಜಿ ಅವರ ಮೇಜಿನ ಮೇಲಿತ್ತು, ನಾಲಿಗೆ ಏಳುತ್ತಿರಲಿಲ್ಲ. ನನ್ನ ಹೇಡಿತನಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇರಲಿಲ್ಲ.

ಹತ್ತನೆಯ ದಿನ ಗುಮಾಸ್ತೆ ಬಾಯಿ ರಜೆ. ಸೆಕ್ರೆಟರಿ ಆಕೆಯ ಕಂಪ್ಯೂಟರಿನ ಮುಂದೆ ಕೂತರು. ನಾನು ಬೋರ್ಡಿನ ಮುಂದೆ ‘ಅಪ್‌ಡೇಟ್’ ಕಲಿಸುತ್ತಿದ್ದೆ. ಅಂದರೆ ಪಟ್ಟಿಯಲ್ಲಿ ಇದ್ದದ್ದನ್ನು ಬದಲಾಯಿಸುವ ಆಜ್ಞೆ. ಪಾಠ ಎರಡು ದಿನದ್ದು. ಮೊದಲ ದಿನ ಬದಲಾಯಿಸುವುದು ಹೇಗೆ, ಎರಡನೆಯ ದಿನ ಯಾರದ್ದನ್ನು ಬದಲಾಯಿಸಬೇಕೆಂದು ಹೇಳುವುದು ಹೇಗೆ. ಆ ಎರಡನೆಯ ಭಾಗಕ್ಕೆ ‘ವೇರ್’ ಎಂಬ ಪದ ಹಾಕಬೇಕು. ವೇರ್ ಹಾಕದಿದ್ದರೆ ಏನಾಗುತ್ತದೆಂದು ನಾನು ಎರಡನೆಯ ದಿನ ಅರ್ಧ ತಾಸು ಬೈದು ಹೇಳುತ್ತಿದ್ದೆ. ಪಾಠ ಮುಗಿಸಿ ತಿರುಗಿದರೆ, ಸೆಕ್ರೆಟರಿ ನಲವತ್ತೂ ಪ್ರಶ್ನೆಗಳನ್ನು ಒಂದರ ಹಿಂದೊಂದು ಆ ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. 204. 204. 204. ಹೂಕುಂಡದ ಪ್ರಶ್ನೆಯನ್ನು ಬೆರಳಿಟ್ಟು ಇನ್ನೊಮ್ಮೆ ಓದಿದರು. ಪುಸ್ತಿಕೆ ಮುಚ್ಚಿದರು, ಪೆನ್ನಿನ ಕ್ಯಾಪು ಹಾಕಿದರು, ನನ್ನ ಕಡೆ ನೋಡದೆ ಇಳಿದು ಹೋದರು. ಮರುದಿನ ಕ್ಲಾಸಿಗೆ ಬರಲಿಲ್ಲ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಬೈಗುಳಕ್ಕೆ ಬರವಿಲ್ಲ, ಆದರೆ ಅವಳು ಒಂದನ್ನೂ ಬಳಸಲಿಲ್ಲ. ಪಾತ್ರೆ ಕಟ್ಟಲು ಹಳೆಯ ಪೇಪರು ಕೂಡಿಸಿಡು ಎಂದಷ್ಟೇ ಹೇಳಿ ಅಕ್ಕಿ ಆರಿಸಲು ಕೂತಳು. ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ಬುದ್ಧಿವಂತಿಕೆಯ ಮೇಲೆ ನನಗೆ ಅಷ್ಟು ಸಿಟ್ಟು ಅದಕ್ಕೆ ಮೊದಲು ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲ ಕೆಳಗಿಂದ ಮರಾಠಿಯಲ್ಲಿ ಬರೆದ ಪತ್ರ ಬಂತು. ಸೊಸೈಟಿಯ ಲೆಟರ್‌ಹೆಡ್ಡು. ‘ತಮ್ಮ ವರ್ತನೆ ಆಕ್ಷೇಪಾರ್ಹವಾಗಿರುವುದರಿಂದ ಒಪ್ಪಿಗೆ ನೀಡಲಾಗುವುದಿಲ್ಲ. ಈ ತಿಂಗಳ ಕೊನೆಯೊಳಗೆ ಫ್ಲ್ಯಾಟು ಖಾಲಿ ಮಾಡತಕ್ಕದ್ದು.’ ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡು, ಅಡುಗೆಮನೆಯ ಮೇಲಿನ ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸತೊಡಗಿದಳು. ಅಷ್ಟರಲ್ಲಿ ಹೊರಗೆ ಗಲಾಟೆ ಶುರುವಾಯಿತು. ಮೆಟ್ಟಿಲಿಗೆ ಬಂದು ನೋಡಿದರೆ ಎಲ್ಲರ ಕೈಯಲ್ಲೂ ಅದೇ ಪತ್ರ.

ಆಗಿದ್ದಿಷ್ಟು. ಸೆಕ್ರೆಟರಿ ನಮ್ಮ ಫ್ಲ್ಯಾಟಿನ ಷರಾ ಬರೆಯಲು ಅಪ್‌ಡೇಟ್ ಹೊಡೆದಿದ್ದರು. ಮೊದಲ ದಿನದ ಪಾಠ ಮಾತ್ರ ಕೇಳಿದ್ದವರು, ಯಾರಿಗೆ ಎಂದು ಹೇಳಿರಲಿಲ್ಲ. ಕಂಪ್ಯೂಟರು ಮೂವತ್ತೆರಡು ಫ್ಲ್ಯಾಟಿಗೂ ಅದೇ ಷರಾ ಹಾಕಿತು. ಪ್ರಿಂಟರು ಒಂದು ಹಾಳೆಗೆ ಮೂರು ನಿಮಿಷ ತೆಗೆದುಕೊಳ್ಳುವ ಮುದಿ ಪ್ರಿಂಟರು. ಬಂದದ್ದನ್ನು ಹಂಚಿಬಿಡು ಎಂದು ವಾಚ್‌ಮನ್ನನಿಗೆ ಹೇಳಿ ಇವರು ಹಾಲು ತರಲು ಹೋಗಿದ್ದರು. ವಾಚ್‌ಮನ್ ನಿಯತ್ತಿನ ಮನುಷ್ಯ, ಎಲ್ಲ ಬಾಗಿಲಿಗೂ ಹಾಕಿದ್ದ. ಸ್ವತಃ ಇನ್ನೂರ ನಾಲ್ಕಕ್ಕೂ ಹಾಕಿದ್ದ. ತಮ್ಮ ವರ್ತನೆ ಆಕ್ಷೇಪಾರ್ಹವೆಂದು ತಮ್ಮದೇ ಹೆಸರು ಅಚ್ಚಾದ ಪತ್ರ ಸೆಕ್ರೆಟರಿಯ ಹೆಂಡತಿಗೆ ಸಿಕ್ಕಿತ್ತು, ಆಕೆ ಅದನ್ನು ಒಪ್ಪಿದ್ದರು ಎಂದು ಆಮೇಲೆ ತಿಳಿಯಿತು.

ಸ್ವಂತ ಮನೆಯಿಂದ ನಮ್ಮನ್ನು ಖಾಲಿ ಮಾಡಿಸಲು ಇವನ್ಯಾರು ಎಂದು ನಾಲ್ಕನೆಯ ಮಹಡಿ ಕೂಗುತ್ತಿತ್ತು. ಮೊದಲ ಮಹಡಿಯ ನಿವೃತ್ತ ಮರಾಠಿ ಟೀಚರು ಪತ್ರದ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ, ಹತ್ತಕ್ಕೆ ಮೂರೂವರೆ ಅಂಕ ಕೊಟ್ಟು ಮರಳಿಸಿದರು. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಬೇರೆಯೇ. ಆ ವರ್ಷಗಳಲ್ಲಿ ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿದ್ದವರ ಕನಸು ಒಂದೇ, ರೀಡೆವಲಪ್‌ಮೆಂಟು. ಬಿಲ್ಡರು ಬರುತ್ತಾನೆ, ಹಳೆಯದನ್ನು ಕೆಡವಿ ಟವರ್ ಕಟ್ಟುತ್ತಾನೆ, ಒಂದು ಕೋಣೆ ಹೆಚ್ಚು ಕೊಡುತ್ತಾನೆ. ಎಲ್ಲರೂ ಒಟ್ಟಿಗೆ ಖಾಲಿ ಮಾಡಬೇಕೆಂಬ ಪತ್ರ ಬಂತೆಂದರೆ ಇನ್ನೇನು ಅರ್ಥ? ಅರ್ಧ ಕಟ್ಟಡ ಪತ್ರದ ಮೊದಲ ಸಾಲನ್ನು ಬಿಟ್ಟು ಎರಡನೆಯ ಸಾಲನ್ನು ಮಾತ್ರ ಓದಿತ್ತು. ಎರಡನೆಯ ಮಹಡಿಯ ಒಂದು ಮನೆಯವರು ಪೇಡೆ ಹಂಚಿದರು. ನನಗೂ ಒಂದು ಕೊಟ್ಟರು, ತಿಂದೆ. ಪಾರ್ಕಿಂಗು ಯಾರಿಗೆ ಎಂದು ಎರಡು ಸಂಸಾರಗಳ ನಡುವೆ ಜಗಳವೂ ಹತ್ತಿತು. ಸಂಜೆ ಆರಕ್ಕೆ ಗೇಟಿನ ಬಳಿ ಸಭೆ ಸೇರಬೇಕೆಂದು, ಬೈಯುವವರೂ ಹರಸುವವರೂ ಸೇರಿ ತೀರ್ಮಾನಿಸಿದರು.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಸೆಕ್ರೆಟರಿ ನಿಂತಿದ್ದರು, ಎದೆಗವಚಿ ಹಿಡಿದ ಚಾದರದ ಗಂಟು. ಯಾರಿಗೂ ಕಾಣದ ಹಾಗೆ ಆಫೀಸಿನ ಕಂಪ್ಯೂಟರಿನ ಡಬ್ಬಿಯನ್ನು ಹೊತ್ತು ತಂದಿದ್ದರು. ಅಪ್ಪ ಹೋಟೆಲಿನಲ್ಲಿದ್ದ. ಅಮ್ಮ ಗಾಬರಿಯಲ್ಲಿ ಏನು ಮಾಡಬೇಕೆಂದು ತೋಚದೆ ಕಾಫಿಗೆ ನೀರಿಟ್ಟಳು. ನಾನು ಡಬ್ಬಿಯನ್ನು ನನ್ನ ಮಾನಿಟರಿಗೆ ಜೋಡಿಸಿದೆ. ಆಗಿದ್ದೇನೆಂದು ಒಂದೇ ನೋಟಕ್ಕೆ ತಿಳಿಯಿತು. ವಿವರಿಸಿದೆ. ಅವರು ತಲೆಯಾಡಿಸಿದರು. ಎಲ್ಲ ಷರಾಗಳನ್ನೂ ಅಳಿಸಿ, ಒಂದು ಫ್ಲ್ಯಾಟಿಗೆ ಮಾತ್ರ ಮತ್ತೆ ಹಾಕಬಹುದು ಎಂದೆ. ಕರ್ಸರು ಮಿಣುಕುತ್ತಿತ್ತು.

‘ವೇರ್ ಮುಂದೆ ಯಾವ ನಂಬರ್ ಹಾಕಲಿ ಕಾಕಾ?’

ಅಮ್ಮ ಕಾಫಿಯ ಲೋಟ, ಎರಡು ಗೋಳಿಬಜೆಯ ತಟ್ಟೆ ತಂದು ಅವರ ಮುಂದಿಟ್ಟಳು. ನಮ್ಮ ಮನೆಯಲ್ಲಿ ಕೂತು, ನಮ್ಮ ತಟ್ಟೆಯ ಮುಂದೆ ಆ ನಂಬರು ಹೇಳುವುದು ಅವರಿಗೆ ಆಗಲಿಲ್ಲ ಎಂದು ಕಾಣುತ್ತದೆ. ಗೋಳಿಬಜೆಯನ್ನು ಮುರಿದರು, ತಿನ್ನಲಿಲ್ಲ.

‘ನಲವತ್ತೂ ಬಿಡಿಸೇನಿ ತಂಗಿ,’ ಎಂದರು. ‘ಒಂದರಾಗಾದ್ರೂ ನನ್ನ ಮನಿ ಒಳ್ಳೇದಕ್ಕ ಬರಲಿಲ್ಲ.’

ನನಗೆ ನೆಲ ಬಾಯಿ ತೆರೆಯಬಾರದೇ ಎನಿಸಿತು. ತಪ್ಪಾಯಿತು ಎಂದೆ. ಹೇಗೂ ಹೇಳಬೇಕಾಗಿದ್ದದ್ದು ಎಂದು 907ರ ವಿಷಯವನ್ನೂ ಹೇಳಿದೆ. ಅವರಿಗೆ ಅಲ್ಲಿಯವರೆಗೆ ಅದು ಗೊತ್ತಿರಲಿಲ್ಲ. ಮುಖ ಕೆಂಪೇರಿತು. ತಲೆ ಹೋಯಿತೆಂದು ಒಂಬತ್ತು ದಿನ ನಿದ್ದೆ ಮಾಡಿಲ್ಲ, ಡಾಕ್ಟರ ಹತ್ತಿರವೂ ಹೋಗಿ ಬಂದೆ ಎಂದು ಸಿಟ್ಟಿನಲ್ಲಿ ಹೇಳುತ್ತಾ ಹೇಳುತ್ತಾ, ಅವರಿಗೆ ಮತ್ತೊಂದು ಹೊಳೆಯಿತು. ಹಾಗಾದರೆ ನನ್ನ ಕ್ವೆರಿಗಳು ಸರಿಯಿದ್ದವೇ ಎಂದು ಕೇಳಿದರು. ಒಂದೂ ತಪ್ಪಿರಲಿಲ್ಲ ಕಾಕಾ, ಇಪ್ಪತ್ತಮೂರನೆಯದನ್ನು ಒಂದೇ ಸಲಕ್ಕೆ ಬಿಡಿಸಿದವರು ನೀವೊಬ್ಬರೇ ಎಂದೆ. ಅದು ಸುಳ್ಳಲ್ಲ. ಅವರು ಗೋಳಿಬಜೆ ಬಾಯಿಗೆ ಹಾಕಿಕೊಂಡರು.

ಅಗಿಯುತ್ತಾ, ಷರಾ ಇರಲಿ, ಮೊದಲು ಬೇರೆ ಒಂದು ಕ್ವೆರಿ ಬರೆ ಎಂದರು. ನಿನ್ನ ತಮಾಷೆಯ ಪಟ್ಟಿಗಲ್ಲ, ನಾನು ತುಂಬಿದ ಅಸಲಿ ರಿಜಿಸ್ಟರಿಗೆ. ಐದು ವರ್ಷಗಳಲ್ಲಿ ಒಂದು ದೂರನ್ನೂ ಪಡೆಯದ ಫ್ಲ್ಯಾಟು ಯಾವುದು? ಅಂಥ ಮರ್ಯಾದಸ್ಥರು ಇದ್ದರೆ ಅವರನ್ನು ಬಿಟ್ಟು ಉಳಿದವರ ಷರಾ ಹಾಗೇ ಇರಲಿ. ಅವರು ಇದನ್ನು ತಮಾಷೆಗೆ ಹೇಳಲಿಲ್ಲ. ಉತ್ತರ 204 ಎಂದೇ ಬರುತ್ತದೆಂದು ಅವರಿಗೆ ಒಳಗೊಳಗೇ ಆಸೆ ಇತ್ತೋ ಏನೋ. ನಾನು ಬರೆದು ಎಂಟರ್ ಒತ್ತಿದೆ.

ಒಂದೇ ಸಾಲು ಬಂತು. ಫ್ಲ್ಯಾಟ್ 101.

ಮೂವರೂ ಪರದೆ ನೋಡುತ್ತಾ ಕೂತೆವು. 101ರ ಮಾಲೀಕರು ಗಲ್ಫಿನಲ್ಲಿದ್ದರು. ಕಟ್ಟಡ ಎದ್ದ ದಿನ ಬೀಗದ ಕೈ ತೆಗೆದುಕೊಂಡು ಹೋದವರು ತಿರುಗಿ ಬಂದಿರಲಿಲ್ಲ. ಅಲ್ಲಿ ಯಾವತ್ತೂ ಯಾರೂ ಇರಲಿಲ್ಲ.

ಮೊದಲು ಅಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದಳು, ಆದರೂ ನಿಲ್ಲಲಿಲ್ಲ. ಸೆಕ್ರೆಟರಿ ಅವಳನ್ನೊಮ್ಮೆ ನೋಡಿದರು. ಅವರ ಹೊಟ್ಟೆ ಕುಲುಕತೊಡಗಿತು.

‘ಮನಿಯಾಗ ಮಂದಿ ಇದ್ರ ತಕರಾರು ಬರೋದ ಬಿಡ್ರಿ,’ ಎಂದರು. ‘ಎಲ್ಲಾ ಅಳಿಸಿಬಿಡು ತಂಗಿ. ವೇರ್ ಬ್ಯಾಡ.’

ಅಳಿಸಿದೆ. ಸಫಾರಿಯ ಜೇಬಿನಿಂದ ನಾಲ್ಕಾಗಿ ಮಡಚಿದ ನಮ್ಮ ಎನ್‌ಒಸಿ ಕಾಗದ ತೆಗೆದು, ಅಲ್ಲೇ ಗೋಳಿಬಜೆಯ ಎಣ್ಣೆ ಕೈಯಲ್ಲೇ ಸಹಿ ಹಾಕಿದರು. ಆದರೆ ಏಳಲಿಲ್ಲ. ಪರದೆ ನೋಡುತ್ತಲೇ ಇದ್ದರು. ದೂರು ಪಡೆಯದವರ ಕ್ವೆರಿ ಆಯಿತು, ದೂರು ಕೊಡದವರದ್ದು ತಾವೇ ಬರೆಯುತ್ತೇನೆಂದು ಕೀಬೋರ್ಡು ಎಳೆದುಕೊಂಡು ಒಂದೇ ಬೆರಳಿನಲ್ಲಿ ಬರೆದರು. ತಪ್ಪಿಲ್ಲದೆ ಬರೆದರು. ಎರಡು ಸಾಲು ಬಂತು. 101 ಮತ್ತು 303. ನಾವಿದ್ದ ಮನೆಯಿಂದ ಎರಡು ವರ್ಷಗಳಲ್ಲಿ ಒಂದು ದೂರೂ ಹೋಗಿರಲಿಲ್ಲ, ನಮಗಿಂತ ಮೊದಲಿದ್ದ ಬಾಡಿಗೆಯವರಿಂದಲೂ ಹೋಗಿರಲಿಲ್ಲ.

‘ಯಾಕ್ರಿ ಬಾಯಾರ, ನಿಮಗ ಯಾರದೂ ತ್ರಾಸ ಇಲ್ಲೇನು?’

‘ಬಾಡಿಗೆಯವರು ನಾವು ಮಾರಾಯ್ರೇ,’ ಎಂದಳು ಅಮ್ಮ. ‘ಉಂಟಾದ್ರೂ ಹೇಗೆ ಬರೆಯುವುದು? ಮತ್ತೆ ನೀವು ಈ ಕಾಗದ ಕೊಡ್ತೀರಾ?’

ಅವರು ಸಹಿ ಮಾಡಿದ ಕಾಗದವನ್ನು ಅಮ್ಮನ ಕೈಗೇ ಕೊಟ್ಟರು. ಆಮೇಲೆ ತಮ್ಮ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನಿನ ಕ್ಯಾಪು ತೆಗೆದು ಅವಳ ಮುಂದೆ ಇಟ್ಟರು. ಕಾಗದ ಕೈಗೆ ಬಂದಾಯಿತಲ್ಲ, ಈಗ ಬರೆಯಿರಿ ಎಂದರು. ಅಮ್ಮ ಬೇಡವೆಂದಳು. ಅವರು ಬಿಡಲಿಲ್ಲ. ಕೊನೆಗೆ ಅವಳು ಒಮ್ಮೆ ನನ್ನ ಮುಖ ನೋಡಿ, ಪೆನ್ನು ಹಿಡಿದು, ಮಂಗಳೂರಿನ ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರಗಳಲ್ಲಿ ನಿಧಾನವಾಗಿ ಬರೆದಳು. ಸೆಕ್ರೆಟರಿಯವರಿಗೆ, 303ರವರ ದೂರು. 204ರವರು ಪ್ರತಿದಿನ ಬೆಳಿಗ್ಗೆ ಐದೂವರೆಗೆ ಬಚ್ಚಲ ಕಿಟಕಿ ತೆರೆದಿಟ್ಟು ಹತ್ತು ನಿಮಿಷ ಗಂಟಲು ತೊಳೆಯುತ್ತಾರೆ. ಆ ಸದ್ದಿಗೆ ನನಗೆ ಹೊಟ್ಟೆ ತೊಳಸುತ್ತದೆ, ಚಹಾ ಇಳಿಯುವುದಿಲ್ಲ. ದಯವಿಟ್ಟು ಕಿಟಕಿ ಹಾಕಿಕೊಳ್ಳಬೇಕು.

ಅವರು ಓದಿದರು. ಹುಬ್ಬು ಏರಿತು, ಇಳಿಯಿತು. ಇದು ಡಾಕ್ಟರು ಹೇಳಿದ ಚಿಕಿತ್ಸೆ ಎಂದೇನೋ ಗೊಣಗಿದರು. ಆದರೂ ಕೆಳಗೆ ‘ತಲುಪಿದೆ’ ಎಂದು ಬರೆದು ಸಹಿ ಹಾಕಿ, ಇನ್ನೊಂದು ಪ್ರತಿ ಬರೆಸಿ ಅಮ್ಮನಿಗೆ ಕೊಟ್ಟರು. ಹದಿನೈದು ದಿನಗಳೊಳಗೆ ಉತ್ತರ ಬರುತ್ತದೆಂದು ಹೇಳಿ, ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಕಟ್ಟಿಕೊಂಡು ಹೋದರು. ಸಂಜೆಯ ಸಭೆಯಲ್ಲಿ ಇದು ಕಂಪ್ಯೂಟರಿನ ತಪ್ಪು ಎಂದು ಅವರು ಹೇಳಿದಾಗ, ಬೈಯಲು ಬಂದವರು ಬೇಗ ಸಮಾಧಾನಗೊಂಡರು. ಪೇಡೆ ಹಂಚಿದವರು ಮಾತ್ರ ಆರು ತಿಂಗಳು ಅವರ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಸರಿಯಾಗಿ ಐದೂವರೆಗೆ ಎರಡನೆಯ ಮಹಡಿಯಲ್ಲಿ ಕಿಟಕಿ ತೆರೆಯಿತು, ಗಂಟಲು ತೊಳೆಯುವುದು ಎಂದಿನಂತೆಯೇ ಶುರುವಾಯಿತು. ನಾನು ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಅಡುಗೆಮನೆಯಲ್ಲಿ ಚಹಾದ ಲೋಟ ಠಕ್ಕೆಂದು ಕಟ್ಟೆಯ ಮೇಲೆ ಕೂತಿತು. ಅಮ್ಮ ಬಚ್ಚಲಿಗೆ ಹೋಗಿ, ನಮ್ಮ ಕಿಟಕಿಯನ್ನು ಪೂರ್ತಿ ತೆರೆದು, ಆರು ವರ್ಷಗಳಲ್ಲಿ ನಾನು ಕೇಳದಿದ್ದಷ್ಟು ಗಟ್ಟಿಯಾಗಿ ಕೆಳಗಿನವರಿಗೆ ಬೈದಳು.